ಏಳು ಕಥೆ, ಒಂದು ನೆಲ

2024ರಲ್ಲಿ ಬಂದ ಕನ್ನಡ ಧಾರಾವಾಹಿ ಸರಣಿಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ, ‘ಏಕಂ’ ಎಂದು ಹೇಳಲು ನಾನು ಹಿಂದೆಗೆಯಲಾರೆ. ಕರಾವಳಿಯ ಬದುಕಿನಿಂದ ಆಯ್ದ ಏಳು ಕಥೆಗಳ ಈ ಮಾಲೆಯನ್ನು ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ರೂಪಿಸಿದರು, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಬೆಂಬಲವಾಗಿ ನಿಂತಿತು. ದೊಡ್ಡ ಪ್ರಸಾರಜಾಲಗಳು ಕೊಳ್ಳಲೊಲ್ಲದೆ ಹೋದಾಗ, ಆ ವರ್ಷದ ಜುಲೈನಲ್ಲಿ ಅವರು ತಮ್ಮದೇ ಜಾಲತಾಣ ಕಟ್ಟಿ ಅದನ್ನು ನೋಡುಗರ ಮುಂದಿಟ್ಟರು.

ಹಿಂದೆ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ, ನೆಲ ನಮ್ಮದಾಗಿದ್ದರೂ ಮಾತು ಹಿಂದಿ, ಇಂಗ್ಲಿಷ್ ಆಗಿತ್ತು. ‘ಏಕಂ’ನಲ್ಲಿ ಮಾತೂ ಆ ನೆಲದ್ದೇ. ಚಿಕ್ಕೇರೂರಿನವರಾದ ನಮಗೆ ಕಡಲಂಚಿನ ನುಡಿಯ ಬಳಕೆ ಕಡಿಮೆ. ಆದರೂ ಅದು ಅಡ್ಡಿಯೆನಿಸದು. ಪಾತ್ರಗಳು ತಮ್ಮ ಊರಿನಲ್ಲಿ ಬೇರೂರಿರುವುದರಿಂದಲೇ ಪರಊರಿನವರಿಗೂ ಆಪ್ತವಾಗುತ್ತವೆ.

ಆದರೆ ನಮ್ಮ ಹಾವೇರಿ ಸೀಮೆಯ ಮಾತಿನ ಗತಿಯೇನು? ತೆರೆಯ ಮೇಲೆ ಅದು ಬಹುಮಟ್ಟಿಗೆ ನಗಿಸುವುದಕ್ಕಷ್ಟೇ ಬರುತ್ತದೆ. ಮಗನನ್ನು ಕಳೆದುಕೊಂಡ ತಾಯಿಯಾಗಲಿ, ನ್ಯಾಯ ಹೇಳುವ ಮಾಸ್ತರರಾಗಲಿ ಆ ಮಾತನ್ನಾಡುವುದು ಅಪರೂಪ. ಇದು ಸಣ್ಣ ಸಂಗತಿಯಲ್ಲ. ತನ್ನ ಮನೆಮಾತು ನಗೆಪಾಟಲಾಗುವುದನ್ನು ನೋಡುತ್ತ ಬೆಳೆದ ಹುಡುಗ, ಪಟ್ಟಣದ ಕಾಲೇಜಿನಲ್ಲಿ ಬಾಯಿ ಬಿಡಲು ಅಳುಕುತ್ತಾನೆ.

ಇಂಥ ಕೃತಿಗಳನ್ನು ಬೆಲೆ ತೆತ್ತು ನೋಡುವ ರೂಢಿ ನಮ್ಮಲ್ಲಿ ಬೆಳೆಯಬೇಕು. ನಮ್ಮ ತರುಣರ ಕ್ಯಾಮರಾ ಗೋವಿನಜೋಳದ ಹೊಲದತ್ತಲೂ ತಿರುಗಬೇಕು. ಕಡಲಂಚಿನವರು ಏಳು ಕಥೆ ಹೇಳಿದ್ದಾರೆ; ಎಂಟನೆಯದು ನಮ್ಮ ಕಡೆಯಿಂದ ಬರಲಿ.