ನಕ್ಕವರೇ ಮುನಿದರು

ಹಾಸ್ಯಗಾರನು ಮೇರೆಮೀರಿದುದರಿಂದಲೇ ಕೆಟ್ಟನೆಂದು ಹೇಳುವ ಪಂಡಿತರುಂಟು. ಅಂಥವರು ಈಜಿಪ್ತ ದೇಶದ ಬಾಸೆಮ್ ಯೂಸುಫನ ವೃತ್ತಾಂತವನ್ನು ಪರಾಂಬರಿಸಬೇಕು. ಆತನು ಹೃದಯದ ಶಸ್ತ್ರವೈದ್ಯನು. 2011ರ ಕ್ರಾಂತಿಯ ಕಾಲದಲ್ಲಿ ಮನೆಯಲ್ಲಿಯೇ ಚಿತ್ರಿಸಿದ ವಿಡಂಬನೆಗಳನ್ನು ಯೂಟ್ಯೂಬಿನಲ್ಲಿ ಪ್ರಕಟಿಸಿ, ಅನಂತರ ದೂರದರ್ಶನದಲ್ಲಿ ‘ಅಲ್ ಬರ್ನಾಮೆಗ್’ ಎಂಬ ವಿನೋದಸಭೆಯನ್ನು ನಡೆಸಿದನು. ಅಧ್ಯಕ್ಷ ಮೊರ್ಸಿಯನ್ನೂ ಇಸ್ಲಾಂ ಧರ್ಮವನ್ನೂ ಅವಮಾನಿಸಿದನೆಂದು 2013ರ ಮಾರ್ಚಿಯಲ್ಲಿ ವಿಚಾರಣೆಗೊಳಪಡಿಸಿ, 15,000 ಪೌಂಡುಗಳ ಜಾಮೀನಿನ ಮೇಲೆ ಬಿಟ್ಟರು. ಮೊರ್ಸಿಯ ವಿರೋಧಿಗಳು ಈತನನ್ನು ಧೀರನೆಂದು ಕೊಂಡಾಡಿದರು. ಜುಲೈಯಲ್ಲಿ ಸೇನೆಯು ಮೊರ್ಸಿಯನ್ನು ಪದಚ್ಯುತಗೊಳಿಸಿತು. ಅಕ್ಟೋಬರಿನಲ್ಲಿ ಯೂಸುಫನು ಸೇನಾಪತಿ ಸಿಸಿಯ ಭಕ್ತರನ್ನೂ ಅಣಕಿಸಿದನಷ್ಟೆ. ಒಂದೇ ಪ್ರದರ್ಶನವಾಗುವಷ್ಟರಲ್ಲಿ ವಾಹಿನಿಯವರೇ ಅದನ್ನು ನಿಲ್ಲಿಸಿಬಿಟ್ಟರು! ಕೊಂಡಾಡಿದವರಲ್ಲಿ ಅನೇಕರು ಈಗ ದ್ರೋಹಿಯೆಂದರು. ಬೇರೊಂದು ವಾಹಿನಿಯಲ್ಲಿ ಕೆಲವು ತಿಂಗಳು ನಡೆದು, 2014ರ ಜೂನಿನಲ್ಲಿ ಕಾರ್ಯಕ್ರಮವು ಮುಗಿಯಿತು. ಆತನು ದೇಶವನ್ನೇ ಬಿಡಬೇಕಾಯಿತು.

ನಾಲಗೆಯು ಒಂದೇ ಆಗಿರಲು, ಮಾರ್ಚಿಯಲ್ಲಿ ಗುಣವಾಗಿದ್ದುದು ನವೆಂಬರಿನಲ್ಲಿ ದೋಷವಾದುದು ಹೇಗೆ? ನಮ್ಮ ಸಂಸ್ಕೃತ ನಾಟಕಗಳ ವಿದೂಷಕನು ರಾಜನನ್ನೇ ಗೇಲಿಮಾಡುವನು. ರಾಜನಾದರೋ ಅವನನ್ನು ಪಕ್ಕದಲ್ಲಿಯೇ ಇರಿಸಿಕೊಳ್ಳುವನು. ಅದನ್ನೋದಿ ತಲೆದೂಗುವ ನಾವೂ, ನಮ್ಮ ಪಕ್ಷದವರನ್ನು ಯಾರಾದರೂ ಅಣಕಿಸಿದೊಡನೆ ಮರ್ಯಾದೆಯ ಮಾತನ್ನೆತ್ತುತ್ತೇವೆ. ಎದುರುಪಕ್ಷದವರನ್ನು ಅಣಕಿಸಿದ ದಿನ ಆ ಮರ್ಯಾದೆಯು ಎಲ್ಲಿ ಮಲಗಿತ್ತು?