ಬರೆದವರ ಮಾತು, ಬರೆಯದವರ ಮೌನ

ಕಾಡು, ಬೆಟ್ಟ, ಜಲಪಾತಗಳನ್ನು ಕಂಡು ಬಂದವರು ತಮ್ಮ ಅನುಭವವನ್ನು ನಾಲ್ವರೊಡನೆ ಹಂಚಿಕೊಳ್ಳುವುದು ಹಿಂದಿನಿಂದಲೂ ಬಂದ ರೂಢಿ. ಹಿಂದೆ ಊರ ಕಟ್ಟೆಯ ಮೇಲೆ, ಪ್ರವಾಸಿ ಬಂಗಲೆಯ ಸಂದರ್ಶಕರ ಪುಸ್ತಕದಲ್ಲಿ ನಡೆಯುತ್ತಿದ್ದ ಈ ಕಾರ್ಯ ಇಂದು ಅಂತರ್ಜಾಲದಲ್ಲಿ ನಡೆಯುತ್ತಿದೆ. ಜನರು ಒಂದು ಸ್ಥಳಕ್ಕೆ ಐದರಲ್ಲಿ ಇಂತಿಷ್ಟು ನಕ್ಷತ್ರಗಳನ್ನಿತ್ತು, ಕೆಳಗೆ ತಮ್ಮ ಅಭಿಪ್ರಾಯ ಬರೆಯುತ್ತಾರೆ. ನಿಸರ್ಗತಾಣಗಳನ್ನು ನೋಡಿಕೊಳ್ಳುವವರಿಗೆ ಇವು ಉಪಯುಕ್ತ ಸಾಕ್ಷ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವನ್ನೇ ಪೂರ್ಣ ಸತ್ಯವೆಂದು ಬಗೆಯುವುದು ತರವಲ್ಲ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನವು 31 ದೇಶಗಳ 836 ವಿಹಾರತಾಣಗಳಲ್ಲಿ ಜನರು ತೆಗೆದು ಫ್ಲಿಕರ್ ಜಾಲತಾಣಕ್ಕೆ ಸೇರಿಸಿದ ಛಾಯಾಚಿತ್ರಗಳನ್ನು ಅಲ್ಲಿನ ಸಂದರ್ಶಕರ ಲೆಕ್ಕದೊಡನೆ ಹೋಲಿಸಿತು. ಚಿತ್ರಗಳಿಂದ ಸಂದರ್ಶಕರ ಪ್ರಮಾಣವನ್ನು ಅಂದಾಜು ಮಾಡಬಹುದೆಂದು ಅದರಿಂದ ತಿಳಿದುಬಂದಿತು. ಲಿಖಿತ ಅಭಿಪ್ರಾಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದವರಿಗೆ ಯಾವುದು ಹಿತವಾಯಿತು, ಯಾವುದು ತೊಂದರೆಯಾಯಿತು ಎಂಬುದನ್ನು ಹೇಳುತ್ತವೆ. ಜಾರುವ ಮೆಟ್ಟಿಲು, ಕೊಳಕಾದ ಶೌಚಾಲಯ, ಕುಡಿಯುವ ನೀರಿನ ಅಭಾವ ಮೊದಲು ಬೆಳಕಿಗೆ ಬರುವುದು ಅನೇಕ ವೇಳೆ ಇಲ್ಲಿಯೇ.

ಆದರೆ ನಕ್ಷತ್ರಗಳ ಸರಾಸರಿಯು ದಾರಿ ತಪ್ಪಿಸಬಲ್ಲದು. ಜೋಗವನ್ನೇ ನೋಡಬಹುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ, 253 ಮೀಟರು ಎತ್ತರದಿಂದ ಧುಮುಕುವ ಶರಾವತಿಯ ವೈಭವವು ಮಳೆಯನ್ನೂ ಜಲಾಶಯದಿಂದ ಬಿಡುವ ನೀರನ್ನೂ ಅವಲಂಬಿಸಿದೆ. ತುಂಬು ಮಳೆಗಾಲದಲ್ಲಿ ಬಂದವನು ಮೈಮರೆಯುತ್ತಾನೆ; ಬೇಸಗೆಯಲ್ಲಿ ಬಂದವನು ಬರಿಯ ಬಂಡೆಯನ್ನು ಕಂಡು ನಿಟ್ಟುಸಿರಿಡುತ್ತಾನೆ. ಇವರಿಬ್ಬರ ಅಂಕಗಳನ್ನು ಕೂಡಿಸಿ ಭಾಗಿಸಿದರೆ ದೊರೆಯುವ ಸಂಖ್ಯೆ ಯಾವ ಋತುವಿನ ಜೋಗಕ್ಕೂ ಸಲ್ಲದು. ಯಾರು, ಯಾವ ತಿಂಗಳಲ್ಲಿ ಬರೆದರೆಂಬುದನ್ನು ನೋಡಿಯೇ ಅಭಿಪ್ರಾಯಗಳನ್ನು ತೂಗಬೇಕು.

ಇದಕ್ಕಿಂತ ಮಿಗಿಲಾದ ಕೊರತೆ ಬರೆಯದವರ ಮೌನ. ಮೊಬೈಲು ಬಳಸಲರಿಯದ ಅಜ್ಜಿ, ಕಣಿವೆಗೆ ಇಳಿಯಲಾರದೆ ಮೇಲೆಯೇ ಕುಳಿತ ಊರುಗೋಲಿನವನು, ಬಂದವರು ಎಸೆದ ಕಸವನ್ನು ಗುಡಿಸುವ ಕಾಯಕಜೀವಿ, ಇವರ ಅನುಭವ ಆ ಪುಟಗಳಲ್ಲಿ ವಿರಳ. ಕಾಡಂತೂ ಬರೆಯಲಾರದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೆ ನೆರೆದಾಗ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರವು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ದಿನ ತುಳಿತಕ್ಕೆ ಸಿಕ್ಕ ಹುಲ್ಲುಗಾವಲಿನ ನೋವು ಯಾವ ನಕ್ಷತ್ರದಲ್ಲಿ ಕಂಡೀತು? ಬರೆದವರ ಇಷ್ಟಾನಿಷ್ಟಗಳನ್ನಷ್ಟೇ ನಂಬಿ ಹಣ ವೆಚ್ಚ ಮಾಡಿದರೆ ವಾಹನ ನಿಲ್ದಾಣಗಳು ಹಿಗ್ಗಿಯಾವು, ಮೌನಿಗಳ ಪಾಲು ಕುಗ್ಗೀತು.

ಹನ್ನೆರಡನೆಯ ಶತಮಾನದ ಅನುಭವ ಮಂಟಪವು ಎಲ್ಲ ಕಾಯಕದವರ ಮಾತಿಗೂ ಎಡೆಯಿತ್ತಿತೆಂದು ಹೆಮ್ಮೆಪಡುವ ವಿದ್ಯಾಸಂಸ್ಥೆಗಳಿಗೆ ಇಲ್ಲೊಂದು ಕರ್ತವ್ಯವುಂಟು. ಶೈಕ್ಷಣಿಕ ಪ್ರವಾಸಕ್ಕೆ ಹೊರಟ ಮಕ್ಕಳು ಅಂತರ್ಜಾಲದ ಅಭಿಪ್ರಾಯಗಳನ್ನು ಓದಿಕೊಂಡು ಹೋಗಲಿ. ಅಲ್ಲಿ ಬರೆಯದವರನ್ನು ಮಾತನಾಡಿಸಲಿ. ಎರಡನ್ನೂ ಹೋಲಿಸಿ, ಕಂಡದ್ದನ್ನು ಕಂಡಂತೆ ಬರೆದು ತಾಣದ ಅಧಿಕಾರಿಗಳಿಗೆ ಒಪ್ಪಿಸಲಿ. ಶಿಕ್ಷಕರು ಮಾರ್ಗದರ್ಶನವಿತ್ತು, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆಸರೆಯಾಗಿ ನಿಂತರೆ ಇದು ಕಷ್ಟಸಾಧ್ಯವೇನಲ್ಲ. ನಿಸರ್ಗವನ್ನು ಸವಿಯುವ ವಿದ್ಯೆಯೊಡನೆ ಪರರ ಅನುಭವವನ್ನು ಆಲಿಸುವ ವಿದ್ಯೆಯೂ ಮಕ್ಕಳಿಗೆ ಆಗ ಕರಗತವಾದೀತು.