ಅತಿಥಿಯ ವಿಶ್ರಾಂತಿಯ ಭಾರ ಯಾರ ತಲೆಯ ಮೇಲೆ?

ಆಫ್ರಿಕಾದ ದಕ್ಷಿಣ ಭಾಗದ ಮಲಾವಿ ದೇಶದಲ್ಲಿ, ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ಮೂರು ತಿಂಗಳ ಆರೋಗ್ಯ ಸೇವೆಗೆಂದು ಹೋಗಿ ಬಂದ ಧರ್ಮಭಗಿನಿಯೊಬ್ಬರು ಮೊನ್ನೆ ನಮ್ಮ ಮಹಿಳಾ ಸಂಘದ ಕೂಟದಲ್ಲಿ ಮಾತನಾಡಿದರು. ದಿನವೂ ಮಧ್ಯಾಹ್ನ ಎರಡು ಗಂಟೆ ಜಗಲಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ ಎಂದು ಅವರು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು, "ಸಿಸ್ಟರ್, ನೀವು ಸೇವೆಗೆ ಹೋದದ್ದೋ, ನಿದ್ದೆಗೆ ಹೋದದ್ದೋ?" ಎಂದು ಕೇಳಿಯೇ ಬಿಟ್ಟರು. ಎಲ್ಲರೂ ನಕ್ಕರು. ಸಿಸ್ಟರ್ ಕೂಡ ನಕ್ಕರು. ಆದರೆ ಆ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದ್ದಲ್ಲ. ನಮ್ಮ ಮನೆಗಳಿಂದ ಆಫ್ರಿಕಾಕ್ಕೆ ಪ್ರೇಷಿತ ಸೇವೆಗೆ ಹೋಗುವವರು ಇಂದಿಗೂ ಇದ್ದಾರೆ. ಕೆಲವೇ ವಾರಗಳ ಮಟ್ಟಿಗೆ ಹೋಗಿಬರುವ ಯುವಜನರೂ ಇದ್ದಾರೆ. ಅವರು ವಿಶ್ರಾಂತಿ ಪಡೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ವಿಶ್ರಾಂತಿಯ ಖರ್ಚು ಹಳ್ಳಿಯ ಹೆಂಗಸರ ಮೇಲೆ ಬೀಳಬಾರದು.

ಮೊದಲು ಆರೋಗ್ಯದ ಮಾತು. ಮಲಾವಿಯಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ಮಳೆಗಾಲ. ಮಲೇರಿಯಾ ಹೆಚ್ಚುವುದೂ ಆಗಲೇ. 2019ರ ಏಪ್ರಿಲಿನಲ್ಲಿ ಮಕ್ಕಳಿಗೆ ಮಲೇರಿಯಾ ಲಸಿಕೆಯನ್ನು ಪ್ರಾಯೋಗಿಕವಾಗಿ ಕೊಡಲು ಮೊದಲು ಆರಂಭಿಸಿದ ದೇಶ ಅದು. ಅಷ್ಟರ ಮಟ್ಟಿಗೆ ಅಲ್ಲಿ ಈ ರೋಗದ ಕಾಟ. ಅಲ್ಲೇ ಹುಟ್ಟಿ ಬೆಳೆದ ದೊಡ್ಡವರಿಗೆ ಜ್ವರ ಬಂದು ಬಂದು ಸ್ವಲ್ಪ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಹೊಸಬರಿಗೆ ಅದಿಲ್ಲ. ದಣಿದವನು ಸೊಳ್ಳೆಪರದೆ ಕಟ್ಟಲು ಮರೆಯುತ್ತಾನೆ, ಬಾಯಾರಿದಾಗ ಕುದಿಸದ ನೀರನ್ನೇ ಕುಡಿಯುತ್ತಾನೆ. ಹಾಗೆ ಅತಿಥಿ ಮಲಗಿಬಿಟ್ಟರೆ ಹತ್ತಾರು ತಾಯಂದಿರು ಕಾದು ಕುಳಿತ ನರ್ಸಮ್ಮ ಅವನ ಬಳಿಗೆ ಓಡಬೇಕು, ಧರ್ಮಕೇಂದ್ರದ ಜೀಪು ಅವನಿಗಾಗಿ ಪೇಟೆಗೆ ಹೋಗಬೇಕು. ಸೇವೆಗೆ ಹೋದವನು ಸೇವೆ ಮಾಡಿಸಿಕೊಂಡು ಬಂದಂತಾಯಿತು.

ಇನ್ನು ಕೃಷಿಯ ಮಾತು. ಅಲ್ಲಿನ ಮುಖ್ಯ ಆಹಾರ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅದಕ್ಕೆ ನ್ಸಿಮಾ ಎನ್ನುತ್ತಾರೆ. ಕೊಯ್ಲು ಸುಮಾರು ಏಪ್ರಿಲ್, ಮೇ ತಿಂಗಳಲ್ಲಿ. ಜನವರಿಯಿಂದ ಮಾರ್ಚ್ ತನಕ ಅನೇಕ ಬಡ ಮನೆಗಳಲ್ಲಿ ಕಣಜ ಖಾಲಿ, ಗದ್ದೆಯಲ್ಲಿ ಮಾತ್ರ ಬೆನ್ನು ಮುರಿಯುವ ಕೆಲಸ. ಆ ದಿನಗಳಲ್ಲಿ ಅತಿಥಿ ಬಂದರೂ ಮನೆಯವರು ಇದ್ದೊಂದು ಕೋಳಿಯನ್ನು ಕೊಯ್ದು ಬಡಿಸುತ್ತಾರೆ, ತಾವು ಗಂಜಿಯಲ್ಲಿ ದಿನ ಕಳೆಯುತ್ತಾರೆ. ಆದುದರಿಂದ ಹೋಗುವವರು ಜೂನ್‌ನಿಂದ ಆಗಸ್ಟ್ ಒಳಗೆ ಹೋಗುವುದು ಒಳ್ಳೆಯದು. ಹವೆ ತಂಪು, ಮಳೆಯಿಲ್ಲ, ಜೋಳ ಕಣಜದಲ್ಲಿದೆ. ದಕ್ಷಿಣದ ಹೊಲಗಳಲ್ಲಿ ಜೋಳದ ನಡುವೆ ಬಿತ್ತಿದ ತೊಗರಿಯೂ ಆಗ ಕೈಗೆ ಬರುತ್ತದೆ. ನಮ್ಮ ದೇಶವೂ ಆ ತೊಗರಿಯನ್ನು ಕೊಳ್ಳುತ್ತದೆ.

ಅಲ್ಲಿನ ಹೊಲಗಳಲ್ಲಿ ಮ್ಸಾಂಗು ಎಂಬ ಮುಳ್ಳಿನ ಮರವಿದೆ. ಎಲ್ಲ ಮರಗಳೂ ಚಿಗುರುವ ಮಳೆಗಾಲದಲ್ಲಿ ಅದು ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತದೆ. ಅದರ ಬುಡದ ಜೋಳಕ್ಕೆ ಬೇಕಾದಷ್ಟು ಬಿಸಿಲು ಸಿಗುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ, ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಬೇಸಗೆಯಲ್ಲಿ ಎಲ್ಲವೂ ಒಣಗಿದಾಗ ಅದು ಹಸುರಾಗಿ ದನಕರುಗಳಿಗೆ ನೆರಳನ್ನೂ ಕಾಯಿಯನ್ನೂ ಕೊಡುತ್ತದೆ. ಯಾವಾಗ ಸುಮ್ಮನಿರಬೇಕು ಎಂಬುದನ್ನು ಅತಿಥಿ ಈ ಮರದಿಂದ ಕಲಿಯಬಹುದು.

ಸಿಸ್ಟರ್ ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನಾಟಿತು. ಅವರ ಸ್ನಾನಕ್ಕೆ ದಿನವೂ ಎರಡು ಬಕೆಟ್ ನೀರು ಬಾಗಿಲಲ್ಲಿ ಇರುತ್ತಿತ್ತಂತೆ. ನಾಲ್ಕನೆಯ ದಿನ ಬೇಗ ಎದ್ದು ನೋಡಿದರೆ, ಪಕ್ಕದ ಮನೆಯ ಹುಡುಗಿ ದೂರದ ಕೈಪಂಪಿನಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದಾಳೆ. ಎರಡನೆಯ ಬಕೆಟ್ ಇಳಿಸಿ ಅವಳು ಶಾಲೆಗೆ ಓಡುವಾಗ ಗಂಟೆ ಹೊಡೆದಾಗಿತ್ತು. ಅಂದಿನಿಂದ ಸಿಸ್ಟರ್ ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರು. ಸಂಜೆ ತಾವೇ ಹೆಂಗಸರ ಜೊತೆ ಪಂಪಿಗೆ ಹೋದರು. ಮಗುವಿನ ಬೇಧಿ, ಇಳಿದುಹೋದ ಗರ್ಭ, ಗಂಡನ ಕುಡಿತ ಹೀಗೆ ಆಸ್ಪತ್ರೆಯ ಮೇಜಿನ ಮುಂದೆ ಬಾಯಿ ಬಿಡದ ಮಾತುಗಳನ್ನೆಲ್ಲ ಆ ಸಾಲಿನಲ್ಲಿ ನಿಂತು ಕೇಳಿದರು. ಮಧ್ಯಾಹ್ನ ಮಲಗಿದ್ದರಿಂದಲೇ ಸಂಜೆ ಕೇಳುವ ತಾಳ್ಮೆ ಉಳಿದಿತ್ತು ಎಂದರು.

ಇರುವುದೇ ಕೆಲವು ವಾರ, ಮಲಗಿ ಕಳೆಯುವುದೇ ಎಂದು ಕೆಲವರು ಕೇಳಬಹುದು. ಹರಿತವಾದ ಅಲಗು ತರುವವನೇ ಅತಿಥಿ ಎಂಬ ಗಾದೆ ಮಲಾವಿಯ ಚೇವ ಜನರಲ್ಲಿದೆ. ನಮಗೆ ಬಿಡಿಸಲಾಗದ ಗಂಟನ್ನು ಹೊರಗಿನವನು ಬಿಡಿಸಿಯಾನು ಎಂಬ ಭರವಸೆ ಅದು. ಹಗಲಿರುಳು ಕೊಯ್ದರೆ ಅಲಗು ಮೊಂಡಾಗುತ್ತದೆ. ಪ್ರೇಷಿತ ಕೆಲಸ ಮುಗಿಸಿ ಬಂದ ಶಿಷ್ಯರನ್ನು ಯೇಸುಸ್ವಾಮಿ ಇನ್ನೊಂದು ಊರಿಗೆ ಅಟ್ಟಲಿಲ್ಲ, ಏಕಾಂತ ಸ್ಥಳಕ್ಕೆ ಕರೆದು ದಣಿವಾರಿಸಿಕೊಳ್ಳಲು ಹೇಳಿದರೆಂದು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ.

ಹೊರಡುವವರಿಗೆ ಕಡೆಯದಾಗಿ ಕೆಲವು ಮಾತು. ವೈದ್ಯರನ್ನು ಕೇಳಿ ಮಲೇರಿಯಾ ತಡೆಯುವ ಮಾತ್ರೆಯನ್ನು ಹೊರಡುವ ಮುಂಚೆಯೇ ಆರಂಭಿಸಿ, ಹಿಂದಿರುಗಿದ ಮೇಲೂ ಹೇಳಿದಷ್ಟು ದಿನ ಬಿಡದೆ ನುಂಗಿ. ಸೊಳ್ಳೆಪರದೆ ನಿಮ್ಮದೇ ಇರಲಿ. ಊಟದ ಖರ್ಚನ್ನು ಧರ್ಮಕೇಂದ್ರಕ್ಕೆ ಮೊದಲೇ ಕೊಡಿ. ಊರಿಗೆ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಮಧ್ಯಾಹ್ನ ಸಂಕೋಚವಿಲ್ಲದೆ ಮಲಗಿ. ಆದರೆ ಬೆಳಗ್ಗೆ ನಿಮ್ಮ ಬಾಗಿಲಿಗೆ ನೀರು ತಂದವರು ಯಾರು ಎಂದು ತಿಳಿದುಕೊಂಡ ಮೇಲೆ ಮಲಗಿ.